ತಮ್ಮನ ಹೆಲ್ಮೆಟ್, ತಾತನ ಟವೆಲ್

ನಮ್ಮ ಕುಣಿಗಲ್ ಕಡೆಯವರಿಗೆ ಕುದುರೆ ಹೊಸದಲ್ಲ. ಟಿಪ್ಪು ಕಾಲದಿಂದಲೂ ಕುದುರೆ ಸಾಕಿದ ಸೀಮೆ ಇದು. ನಮ್ಮ ತಾತ ವಯಸ್ಸಿನಲ್ಲಿ ಊರ ಗೌಡರ ಕುದುರೆ ನೋಡಿಕೊಳ್ಳುತ್ತಿದ್ದರು. ತಲೆಗೆ ಟವೆಲ್ ಸುತ್ತಿಕೊಂಡು ಹತ್ತುವುದು, ಅಷ್ಟೇ. ಈಗ ಅವರಿಗೆ ಎಡಗಿವಿ ಕೇಳಿಸುವುದಿಲ್ಲ. ವಯಸ್ಸಾಯಿತು ಅಂತಲೇ ನಾವು ಅಂದುಕೊಂಡಿದ್ದೆವು.

ನನ್ನ ತಮ್ಮ ಬೆಂಗಳೂರಿನ ಹೊರಗೆ ಒಂದು ಸವಾರಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದ. ಮೊದಲ ಸಂಬಳ ಬಂದಾಗ, "ಅಕ್ಕಾ, ಹೆಲ್ಮೆಟ್ ತಗೋಬೇಕು, ಜೊತೆಗೆ ಬಾ" ಅಂದ.

ಅಂಗಡಿಯಲ್ಲಿ ಅವನ ಕಣ್ಣು ಬಿದ್ದಿದ್ದು ಕಪ್ಪು ಮಖಮಲ್ಲಿನ ಟೊಪ್ಪಿ ಮೇಲೆ. ನೋಡೋಕೆ ರಾಜಗಾಂಭೀರ್ಯ. ಅಮ್ಮ ಅವನಿಗೆ ಹೆಣ್ಣು ನೋಡುತ್ತಿದ್ದಾರೆ, ಕುದುರೆ ಮೇಲೆ ಕೂತ ಫೋಟೋ ಕಳಿಸಬೇಕಲ್ಲ! ಪಕ್ಕದಲ್ಲಿದ್ದ ಬೂದು ಹೆಲ್ಮೆಟ್ ತೋರಿಸಿದರೆ, "ಅಣಬೆ ಇದ್ದಂಗಿದೆ" ಅಂದ.

ನಾನು ಎರಡನ್ನೂ ತಿರುವಿ ಒಳಗೆ ನೋಡಿದೆ. ಬೂದು ಹೆಲ್ಮೆಟ್‌ನಲ್ಲಿ 'ಎಎಸ್‌ಟಿಎಂ ಎಫ್1163' ಎಂಬ ಚೀಟಿ ಇತ್ತು. ಕುದುರೆ ಸವಾರಿಗೆಂದೇ ಪರೀಕ್ಷೆ ಮಾಡಿದ ಗುರುತು ಅದು. ಒಳಗೆ ಥರ್ಮಾಕೋಲ್‌ನಂಥ ದಪ್ಪ ಪದರ. ಬಿದ್ದಾಗ ಆ ಪದರ ಜಜ್ಜಿ ಹೋಗಿ ಪೆಟ್ಟನ್ನು ತಾನು ತಿನ್ನುತ್ತದೆ. ಅದಕ್ಕೇ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಬೇಕು. ಮಖಮಲ್ಲಿನ ಟೊಪ್ಪಿಯಲ್ಲಿ ಚೀಟಿಯೂ ಇಲ್ಲ, ಗಟ್ಟಿ ಪಟ್ಟಿಯೂ ಇಲ್ಲ. ಅಂಗಡಿಯವರೇ, "ಅದು ಶೋಗೆ ಮೇಡಂ" ಅಂದರು.

"ನನ್ನ ಬೈಕ್ ಹೆಲ್ಮೆಟ್‌ಗೂ ಐಎಸ್‌ಐ ಮಾರ್ಕ್ ಇದೆಯಲ್ಲ, ಅದೇ ಸಾಕು" ಅಂದ ತಮ್ಮ. ಸಾಲದು. ಅದನ್ನು ಪರೀಕ್ಷೆ ಮಾಡಿರುವುದು ರಸ್ತೆಗೆ, ಕುದುರೆಗಲ್ಲ.

ಹಾಗಂತ ಅವನ ಆಸೆ ತಪ್ಪು ಅನ್ನಲಾರೆ. ಇಷ್ಟವಾಗದ ಹೆಲ್ಮೆಟ್ ಗೂಟಕ್ಕೆ ನೇತಾಡುತ್ತದೆ, ತಲೆಗೆ ಬರುವುದಿಲ್ಲ. ದೊಡ್ಡ ದೊಡ್ಡ ಸವಾರರೂ ಅಂದಕ್ಕೆ ಸೋತವರೇ. ಡ್ರೆಸಾಜ್ ಎಂಬ ಕುದುರೆ ನಡಿಗೆಯ ಸ್ಪರ್ಧೆಯಲ್ಲಿ ಎತ್ತರದ ಕರಿ ಹ್ಯಾಟ್ ಹಾಕುವುದೇ ಗತ್ತಾಗಿತ್ತು. 2010ರಲ್ಲಿ ಅಮೆರಿಕದ ಒಲಿಂಪಿಕ್ ಸವಾರೆ ಕೋರ್ಟ್ನಿ ಕಿಂಗ್-ಡೈ ಹೆಲ್ಮೆಟ್ ಇಲ್ಲದೆ ಅಭ್ಯಾಸ ಮಾಡುವಾಗ ಕುದುರೆ ಮುಗ್ಗರಿಸಿ, ತಲೆಗೆ ಪೆಟ್ಟಾಗಿ ಕೋಮಾಕ್ಕೆ ಹೋದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ ಹೆಲ್ಮೆಟ್ ಹಾಕಿಕೊಂಡೇ ಚಿನ್ನ ಗೆದ್ದರು. 2021ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಕಡ್ಡಾಯ.

ಕೊನೆಗೆ ಚೀಟಿ ಇರುವವುಗಳನ್ನಷ್ಟೇ ಮುಂದಿಟ್ಟುಕೊಂಡು, ಅದರಲ್ಲಿ ಚೆಂದದ್ದು ಆರಿಸಿದೆವು. ಕಡುನೀಲಿ, ನಡುವೆ ಬೆಳ್ಳಿಗೆರೆ. ಪಟ್ಟಿ ಬಿಚ್ಚಿ ತಲೆ ಅಲ್ಲಾಡಿಸಿದ, ಜಾರಲಿಲ್ಲ. ಬೆಲೆ ಜಾಸ್ತಿಯಾಯಿತು, ಉಳಿದದ್ದನ್ನು ನಾನು ಕೊಟ್ಟೆ.

ಊರಿಗೆ ಬಂದಾಗ ತಾತ ಅದನ್ನು ಕೈಗೆ ತಗೊಂಡು ಬೆರಳಲ್ಲಿ ಕುಟ್ಟಿ ನೋಡಿದರು. ಆಮೇಲೆ ಟವೆಲ್ ಬಿಚ್ಚಿ ಎಡಗಿವಿಯ ಮೇಲಿನ ಹಳೇ ಗಾಯದ ಕಲೆ ತೋರಿಸಿದರು.

"ಇಪ್ಪತ್ತೆರಡು ವರ್ಷ ಆಗ ನಂಗೆ. ಬಿದ್ದ ದಿನದಿಂದ ಈ ಕಿವಿ ಇಲ್ಲ ಕಣವ್ವ. ಕೆಲಸ ಬಿಡಿಸ್ತಾರೆ ಅಂತ ಯಾರಿಗೂ ಹೇಳಲಿಲ್ಲ."

ತಮ್ಮ ಅವತ್ತು ಫೋಟೋ ತೆಗೆಸಿಕೊಂಡ. ಪಟ್ಟಿ ಬಿಗಿದುಕೊಂಡೇ.