ಹೊರಗಿನ ವಿಷಯ

ಶಿವಾಜಿನಗರದ ರಸೆಲ್ ಮಾರ್ಕೆಟ್ ಬಳಿ ಹೊಲಿಗೆ ಅಂಗಡಿ ಇಟ್ಟವರೊಬ್ಬರ ಮಗಳು 2021ರಲ್ಲಿ ಬಿ.ಕಾಂ. ಸೇರಿದಳು. ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ಪದವಿ ತರಗತಿಗಳಿಗೆ ಬಂದ ಮೊದಲ ವರ್ಷವದು. ಎರಡು ಭಾಷೆ, ವಾಣಿಜ್ಯದ ವಿಷಯಗಳ ಜೊತೆಗೆ ‘ಮುಕ್ತ ಆಯ್ಕೆ’ ಎಂದೊಂದು ಖಾನೆ. ಅದನ್ನು ತಮ್ಮ ವಿಭಾಗದ ಹೊರಗಿನಿಂದಲೇ ಆರಿಸಬೇಕು.

“ಲೆಕ್ಕ ಕಲೀಲಿ ಅಂತ ಫೀಸು ಕಟ್ಟಿದ್ದು. ಅದರಲ್ಲೇ ಇನ್ನೊಂದು ತಗೊಳಮ್ಮ.”

“ಕೊಡಲ್ಲಪ್ಪ, ರೂಲ್ಸೇ ಹಾಗಿದೆ.”

“ಮುಕ್ತ ಅಂತಾರೆ, ಬೇಕಾದ್ದು ಕೊಡಲ್ಲ ಅಂತಾರೆ!”

ಅಪ್ಪನ ಮಾತಿನಲ್ಲೂ ಹುರುಳಿತ್ತು. ಮಗಳಿಗೆ ಬೇಕಿದ್ದುದು ಇತಿಹಾಸ. ಅದರಿಂದೇನು ಕೆಲಸ ಸಿಗುತ್ತೆ ಎಂದಾರೆಂದು ಅಳುಕಿ ಮೂರು ದಿನ ಸುಮ್ಮನಿದ್ದಳು. ವಿಶ್ವವಿದ್ಯಾಲಯದ ಪಟ್ಟಿ ಉದ್ದವಿದ್ದರೂ ಅಧ್ಯಾಪಕರು ಇರುವ ವಿಷಯವನ್ನಷ್ಟೇ ಕಾಲೇಜು ಕೊಡಬಲ್ಲದು, ಸೀಟಿಗೂ ಮಿತಿ. ನಾಲ್ಕನೇ ದಿನ ಇತಿಹಾಸ ತುಂಬಿತ್ತು, ಸಮಾಜಶಾಸ್ತ್ರ ಉಳಿದಿತ್ತು.

ಸಂಜೆ ವಿಷಯ ತಿಳಿದು ಅಪ್ಪ ಮಿಷನ್ ನಿಲ್ಲಿಸಿದರು. “ಮೊದಲೇ ಹೇಳಬಾರದಿತ್ತೇನಮ್ಮ?”

ಮುಂದಿನ ಸೆಮಿಸ್ಟರಿಗೆ ಮತ್ತೊಂದು ಆಯ್ಕೆಯಿತ್ತು. ಮೊದಲ ದಿನವೇ ಹೋಗಿ ಇತಿಹಾಸ ಬರೆಸಿದಳು.

2024ರ ಮೇ ತಿಂಗಳಲ್ಲಿ ಸರ್ಕಾರ ಆ ಪದ್ಧತಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆ ವರ್ಷ ಮಗನ ಪಿಯುಸಿ ಮುಗಿದಿತ್ತು. ಅಪ್ಪ ಅರ್ಧ ದಿನ ಅಂಗಡಿ ಮುಚ್ಚಿ ಅವನೊಡನೆ ಕಾಲೇಜಿಗೆ ಹೋದರು. ನೋಟಿಸ್ ಬೋರ್ಡಿನ ಮುಂದೆ ನಿಂತು, “ನಿನಗೆ ಯಾವುದು ಬೇಕಪ್ಪ?” ಎಂದರು.