ಕಪ್ಪು ಬಣ್ಣ ಯಾಕೆ ಬೇಕಿತ್ತು?



ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಜಿರಾಫೆಯ ಕೆತ್ತನೆ ಉಂಟು, ನೋಡಿದ್ದೀರಾ? 15ನೇ ಶತಮಾನದ ಬಸದಿ ಅದು. ನಮ್ಮ ಕಾಡಿನಲ್ಲಿ ಜಿರಾಫೆ ಎಲ್ಲಿಂದ ಬರ್ಬೇಕು? ಕಡಲ ವ್ಯಾಪಾರದ ಜೊತೆ ಆಫ್ರಿಕಾ ಆಗಲೇ ನಮ್ಮ ಕರಾವಳಿಗೆ ಬಂದಿತ್ತು. ಆಮೇಲೆ ಪೋರ್ಚುಗೀಸರ ಹಡಗಿನಲ್ಲಿ ಮನುಷ್ಯರೂ ಬಂದರು, ಗುಲಾಮರಾಗಿ. ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಅಂಥವರ ಮಕ್ಕಳು ಮೊಮ್ಮಕ್ಕಳೇ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು.

ಇತ್ತೀಚೆಗೆ ನಮ್ಮ ಕಡೆಯ ಒಂದು ಕ್ಯಾಂಪಸ್ಸಿನಲ್ಲಿ ಆಫ್ರಿಕಾ ಸಂಸ್ಕೃತಿಯ ಹಬ್ಬ ಮಾಡಿದರು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದೆ. ಜೊತೆಗೆ ಬೆಳ್ತಂಗಡಿ ಕಡೆಯ ಕೊರಗ ಸಮುದಾಯದ ಹಿರಿಯರೊಬ್ಬರು, ನಮಗೆಲ್ಲ ಅಣ್ಣ.

ನೈಜೀರಿಯಾದ ಹುಡುಗನೊಬ್ಬ ಜೊಲೊಫ್ ಬಡಿಸುತ್ತಿದ್ದ. ಟೊಮೆಟೊ, ಮೆಣಸು ಹಾಕಿದ ಕೆಂಪು ಅನ್ನ. ಅಣ್ಣ ಎರಡು ಸಲ ಹಾಕಿಸಿಕೊಂಡರು. ಆ ಹುಡುಗನಿಗೆ ಬಾಡಿಗೆ ರೂಮು ಸಿಗಲು ಮೂರು ತಿಂಗಳಾಯ್ತಂತೆ. ನಮ್ಮ ಹತ್ರ ಜಾತಿಯಾದರೂ ಕೇಳುತ್ತಾರೆ. ಅವನಿಗೆ ಮುಖ ನೋಡಿಯೇ ಬಾಗಿಲು.

ನಿರೂಪಕರು ಸಿದ್ದಿ ತಂಡವನ್ನು "ಆಫ್ರಿಕಾದಿಂದ ಬಂದ ಅತಿಥಿಗಳು" ಅಂತ ಕರೆದರು. ತಂಡದ ಹಿರಿಯ ಹೆಂಗಸು ಮೈಕ್ ತಗೊಂಡು, "ನಾವು ಯಲ್ಲಾಪುರದವ್ರು, ಬಸ್ಸಲ್ಲಿ ಬಂದ್ವಿ" ಅಂದರು. ಸಭೆ ನಕ್ಕಿತು. ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲು ಈ ದೇಶಕ್ಕೆ 2003 ಆಗಬೇಕಾಯಿತು. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ. ಇನ್ನೂ ಅತಿಥಿಗಳೇ!

ಡಮಾಮಿ ನೃತ್ಯ ಮಾತ್ರ ಅದ್ಭುತ. ಆ ವಾದ್ಯದ ಪೆಟ್ಟಿಗೆ ಕೂತಲ್ಲೇ ಕಾಲು ಕುಣಿಯುತ್ತಿತ್ತು.

ಅದು ಮುಗಿದ ಕೂಡಲೇ ಇಲ್ಲಿಯದೇ ವಿದ್ಯಾರ್ಥಿಗಳ "ಆಫ್ರಿಕನ್ ಡ್ಯಾನ್ಸ್". ಮೈಗೆಲ್ಲ ಕಪ್ಪು ಬಣ್ಣ, ಸೊಂಟಕ್ಕೆ ಸೊಪ್ಪು, ಹೋ ಹೋ ಅಂತ ಕೂಗು. ಸಿದ್ದಿ ಹೆಂಗಸರು ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದರು, ಅವರಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಅಣ್ಣ ನನ್ನ ಕಿವಿಯಲ್ಲಿ ಹೇಳಿದರು: "ಎಂತ ಮಾರಾಯ್ರೆ, ಅಷ್ಟಮಿಗೆ ನಮ್ಮ ವೇಷ ಹಾಕ್ತಾರಲ್ಲ, ಅದೇ ಮಸಿ."

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡ್ತೇನೆ. ನಮ್ಮ ಜಿಲ್ಲೆಯಲ್ಲಿ ಮೈಗೆ ಮಸಿ ಬಳಿದು ಕೊರಗರ ವೇಷ ಹಾಕಿ ನಗಿಸುವುದು ಒಂದು ಮಜಾ. ಅದೇ ಕೊರಗರನ್ನು ಕಂಬಳದ ಹಿಂದಿನ ರಾತ್ರಿಯಿಡೀ ಇಬ್ಬನಿಯಲ್ಲಿ ಕೂರಿಸಿ ಡೋಲು ಬಾರಿಸುತ್ತಿದ್ದರು. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಅಜಲು ನಿಷೇಧಕ್ಕೆ ಕಾನೂನು ಬಂದದ್ದು 2000ದಲ್ಲಿ. ಸಿದ್ದಿಗಳ ಡಮಾಮಿ ವೇದಿಕೆಯಲ್ಲಿ ಕಲೆ, ಅಣ್ಣನ ಡೋಲು ಅಂಗಳದಾಚೆಯ ಚಾಕರಿ. ಬಾರಿಸುವ ಕೈಗಳ ಬಣ್ಣ ಒಂದೇ.

ಕುಣಿದ ಮಕ್ಕಳನ್ನು ಬೈಯುವುದಿಲ್ಲ ನಾನು. ಕಲಿಸಿದವರು ಓದಿದವರಲ್ವಾ? ಬಾಬಾಸಾಹೇಬರು 1946ರಲ್ಲೇ ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದಿದ್ದರು. ಅಲ್ಲಿಯ ಕಪ್ಪು ಜನರ ಸ್ಥಿತಿಗೂ ಇಲ್ಲಿಯ ಅಸ್ಪೃಶ್ಯರ ಸ್ಥಿತಿಗೂ ಎಷ್ಟೊಂದು ಹೋಲಿಕೆ ಎಂದು ಅವರು ಆಗಲೇ ಕಂಡಿದ್ದರು. ಇದನ್ನು ಹೇಳಲು ಆ ಹಬ್ಬದಲ್ಲಿ ಹತ್ತು ನಿಮಿಷ ಇರಲಿಲ್ಲ, ಬಣ್ಣಕ್ಕೆ ದುಡ್ಡಿತ್ತು.

ಸಂಘಟಕರಿಗೆ ಪತ್ರ ಕೊಟ್ಟಿದ್ದೇನೆ. ಮುಂದಿನ ವರ್ಷ ಡಮಾಮಿಯ ಪಕ್ಕದಲ್ಲೇ ಕೊರಗರ ಡೋಲಿಗೂ ಜಾಗ ಕೊಡಿ, ಎರಡು ತಂಡಕ್ಕೂ ಒಂದೇ ಸಂಭಾವನೆ ಕೊಡಿ, ಯಾರ ಮೈಗೂ ಮಸಿ ಬೇಡ ಅಂತ. ಸ್ವೀಕೃತಿಯ ಸೀಲ್ ಹಾಕಿಸಿಕೊಂಡಿದ್ದೇನೆ, ಗುಮಾಸ್ತನ ಅಭ್ಯಾಸ. ಉತ್ತರ ಬಂದರೆ ಇಲ್ಲೇ ಹಾಕ್ತೇನೆ.