ವೋಲ್ಗಾದಲ್ಲಿ ಒಂದು ಸುತ್ತು

2005ರ ಮೇ 8. ಮಾಸ್ಕೋದ ಹೊರವಲಯದ ನೊವೊ ಒಗರ್ಯೊವೊದಲ್ಲಿರುವ ಪುಟಿನ್ ನಿವಾಸ. 1956ರ ಬಿಳಿ ವೋಲ್ಗಾ ಕಾರಿನ ಸ್ಟೀರಿಂಗ್ ಹಿಡಿದವರು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಪಕ್ಕದ ಸೀಟಿನಲ್ಲಿ ಕಾರಿನ ಯಜಮಾನ ಪುಟಿನ್. ಇಬ್ಬರ ಮುಖದಲ್ಲೂ ನಗು. ಕಾರಿನ ಹುಚ್ಚಿರುವ ನನ್ನಂಥವರಿಗೆ ಅದು ಮತ್ತೆ ಮತ್ತೆ ನೋಡಬೇಕೆನಿಸುವ ಚಿತ್ರ.

ಆ ಕಾರಿಗೂ ಒಂದು ಕಥೆಯಿದೆ. ಬಾನೆಟ್ ಮೇಲೆ ಜಿಗಿಯುವ ಜಿಂಕೆ ಹೊತ್ತ ವೋಲ್ಗಾ, ನಮ್ಮ ಅಂಬಾಸಿಡರಿನ ಹಾಗೇ ಒಂದು ಕಾಲದ ಸರ್ಕಾರಿ ಗತ್ತಿನ ಗುರುತು. 1956ರಿಂದ 1970ರವರೆಗೆ ಅದನ್ನು ತಯಾರಿಸಿದ್ದು ಗೋರ್ಕಿ ನಗರದ ಗಾಜ್ ಕಾರ್ಖಾನೆ. ಸ್ಟಾಲಿನ್ ಕಾಲದಲ್ಲಿ ಆ ಕಾರ್ಖಾನೆ ಎದ್ದು ನಿಂತದ್ದು ಅಮೆರಿಕದ ಫೋರ್ಡ್ ಕಂಪನಿಯ ಜೊತೆಗಿನ 1929ರ ಒಪ್ಪಂದದಿಂದ! ಬುಷ್ ಓಡಿಸಿದ ಕಾರಿನ ಹುಟ್ಟೂರಿಗೆ ಅಡಿಪಾಯ ಹಾಕಿಕೊಟ್ಟವರಲ್ಲಿ ಅವರ ದೇಶದವರೇ ಇದ್ದರು.

ಆದರೆ ಆ ವಾರ ಅಷ್ಟೇನೂ ಹಗುರವಾಗಿರಲಿಲ್ಲ. ಹಿಂದಿನ ದಿನವಷ್ಟೇ ಬುಷ್ ಲಾಟ್ವಿಯಾದ ರಿಗಾದಲ್ಲಿ ನಿಂತು, ಬಾಲ್ಟಿಕ್ ದೇಶಗಳನ್ನು ಸೋವಿಯತ್ ಒಕ್ಕೂಟ ಆಕ್ರಮಿಸಿಕೊಂಡದ್ದನ್ನು ನೇರವಾಗಿ ಟೀಕಿಸಿದ್ದರು. ಏಪ್ರಿಲ್ ತಿಂಗಳಲ್ಲಿ ಪುಟಿನ್ ಸೋವಿಯತ್ ಒಕ್ಕೂಟದ ಪತನವನ್ನು ಶತಮಾನದ ದೊಡ್ಡ ದುರಂತವೆಂದು ಕರೆದಿದ್ದರು. ಮಾಸ್ಕೋದಿಂದ ಬುಷ್ ಹೋದದ್ದು ಜಾರ್ಜಿಯಾಕ್ಕೆ. ಹೋಗುವಾಗ ಲಾಟ್ವಿಯಾ, ಬರುವಾಗ ಜಾರ್ಜಿಯಾ, ನಡುವೆ ವೋಲ್ಗಾದಲ್ಲಿ ಒಂದು ಸುತ್ತು. ಜಗಳವಿದ್ದದ್ದು ಯಾರ ವಿಷಯಕ್ಕೋ ಆ ಪುಟ್ಟ ದೇಶಗಳಿಗೆ ಕಾರಿನಲ್ಲಿ ಸೀಟಿರಲಿಲ್ಲ. ಮೂರು ವರ್ಷ ಕಳೆದು, 2008ರ ಆಗಸ್ಟ್‌ನಲ್ಲಿ ರಷ್ಯಾದ ಟ್ಯಾಂಕುಗಳು ಜಾರ್ಜಿಯಾಕ್ಕೆ ನುಗ್ಗಿದವು.

ಇದಕ್ಕೂ ಮೊದಲು ಇಂಥದೇ ಒಂದು ಸವಾರಿ ನಡೆದಿತ್ತು. 1973ರ ಜೂನ್‌ನಲ್ಲಿ ನಿಕ್ಸನ್ ಕ್ಯಾಂಪ್ ಡೇವಿಡ್‌ನಲ್ಲಿ ಬ್ರೆಜ್ನೆವ್‌ಗೆ ಲಿಂಕನ್ ಕಾಂಟಿನೆಂಟಲ್ ಕಾರು ಉಡುಗೊರೆ ಕೊಟ್ಟರು. ಕಾರಿನ ಶೋಕಿಯ ಬ್ರೆಜ್ನೆವ್ ಅದನ್ನು ಅಲ್ಲೇ ಬೆಟ್ಟದ ತಿರುವಿನ ರಸ್ತೆಯಲ್ಲಿ ಓಡಿಸಿದ ವೇಗಕ್ಕೆ ನಿಕ್ಸನ್ ಜೀವ ಬಾಯಿಗೆ ಬಂದಿತ್ತು. ಅದೇ ಭೇಟಿಯಲ್ಲಿ ಇಬ್ಬರೂ ಅಣುಯುದ್ಧ ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದರು. ನಾಲ್ಕೇ ತಿಂಗಳಲ್ಲಿ, ಅರಬ್-ಇಸ್ರೇಲ್ ಯುದ್ಧದ ನಡುವೆ ಅಮೆರಿಕ ತನ್ನ ಅಣ್ವಸ್ತ್ರ ಪಡೆಗಳನ್ನು ಕಟ್ಟೆಚ್ಚರದಲ್ಲಿ ನಿಲ್ಲಿಸಿತು.

ಹಾಗಾದರೆ ಇದೆಲ್ಲ ಬರೀ ನಾಟಕವೇ? ನನಗೆ ಹಾಗನ್ನಿಸುವುದಿಲ್ಲ. ಪ್ರಾಜೆಕ್ಟ್ ನಡೆಸುವ ಯಾರಿಗಾದರೂ ಇದು ಗೊತ್ತು: ರಾತ್ರಿ ಊಟಕ್ಕೆ ಕೂತು ಹೆಗಲ ಮೇಲೆ ಕೈಹಾಕಿ ನಕ್ಕ ಕ್ಲೈಂಟ್, ಬೆಳಿಗ್ಗೆ ಖಾರವಾದ ಮೇಲ್ ಕಳಿಸುತ್ತಾನೆ. ನಗುವೂ ಸುಳ್ಳಲ್ಲ, ಮೇಲೂ ಸುಳ್ಳಲ್ಲ. ನಕ್ಕಿದ್ದರಿಂದ ಮರುದಿನ ಫೋನ್ ಮಾಡಿ ಮಾತಾಡಲು ದಾರಿಯಿರುತ್ತದೆ, ಅಷ್ಟೇ. ಆ ದಾರಿಯಲ್ಲಿ ಏನು ಕೇಳಿದೆವು, ಏನು ಬರೆಸಿಕೊಂಡೆವು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

2024ರ ಜುಲೈನಲ್ಲಿ ಅದೇ ನೊವೊ ಒಗರ್ಯೊವೊದಲ್ಲಿ ಪುಟಿನ್ ನಮ್ಮ ಪ್ರಧಾನಿ ಮೋದಿಯವರನ್ನು ವಿದ್ಯುತ್ ಗಾಡಿಯಲ್ಲಿ ಕೂರಿಸಿಕೊಂಡು ತಾವೇ ಓಡಿಸಿದರು. ಆ ವಿಡಿಯೊವನ್ನು ಮೆಚ್ಚಿದವರೂ ಇದ್ದರು, ಗೇಲಿ ಮಾಡಿದವರೂ ಇದ್ದರು. ಆದರೆ ಆ ಹೊತ್ತಿಗೆ ನಮ್ಮ ಕಲಬುರಗಿಯ ಕೆಲವು ಹುಡುಗರು ಏಜೆಂಟರ ಮಾತು ನಂಬಿ, ಕೆಲಸವೆಂದು ಹೋಗಿ, ರಷ್ಯಾ ಸೇನೆಯ ಕೈಗೆ ಸಿಕ್ಕು ಯುದ್ಧಭೂಮಿಯಲ್ಲಿದ್ದರು. ಅಂಥ ಭಾರತೀಯರನ್ನು ಬಿಟ್ಟು ಕಳಿಸುವ ವಿಷಯವನ್ನು ಮೋದಿ ಆ ಭೇಟಿಯಲ್ಲಿ ಎತ್ತಿದರು. ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಆ ಹುಡುಗರು ಮನೆ ಸೇರಿದರು. ಹೋದವರೆಲ್ಲ ಮರಳಲಿಲ್ಲ. ಕೆಲವು ಮನೆಗಳಿಗೆ ಬಂದದ್ದು ಸಾವಿನ ಸುದ್ದಿ.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವು ಇಂಥ ಸವಾರಿಗಳನ್ನು ಅಳೆಯಬೇಕಾದ ಗಜಕಡ್ಡಿ ಇದೇ ಇರಬೇಕು. ಗಾಡಿ ಯಾವುದು, ಯಾರು ಎಷ್ಟು ನಕ್ಕರು ಎಂದು ನೋಡಿ ಖುಷಿಪಡೋಣ, ತಪ್ಪೇನಿಲ್ಲ. ಆಮೇಲೆ, ಗಾಡಿಯಲ್ಲಿ ಸೀಟಿಲ್ಲದವರಲ್ಲಿ ಎಷ್ಟು ಜನ ಮನೆಗೆ ಬಂದರು ಎಂದೂ ಕೇಳೋಣ.